ಮುತ್ತಿನಕೊಪ್ಪದವರೆಗೆ ನಿಲ್ಲದ ಕಾರು

ಕೊಪ್ಪದ ಬಸ್‌ಸ್ಟ್ಯಾಂಡಿನ ಎದುರು ಟ್ಯಾಕ್ಸಿ ಇಟ್ಟುಕೊಂಡಿದ್ದ ಅಸಾದುಲ್ಲಾನಿಗೆ ಒಂದು ವಿಚಿತ್ರ ಚಾಳಿಯಿತ್ತು. ಸರ್ಕಾರಿ ಆಸ್ಪತ್ರೆಯ ಮುಂದಿನ ರಸ್ತೆಯಲ್ಲಿ ಅವನು ಗಾಡಿ ಓಡಿಸುತ್ತಿರಲಿಲ್ಲ. ನರಸಿಂಹರಾಜಪುರಕ್ಕೆ ಬಾಡಿಗೆ ಬಂದರೆ ಸಂತೆ ಮೈದಾನ ಸುತ್ತಿ, ಗುಂಡಿ ಬಿದ್ದ ಹಿಂದಿನ ಓಣಿಯಲ್ಲಿ ಕಾರನ್ನು ಎತ್ತಿ ಹಾಕಿಸಿಕೊಂಡು ಹೋಗುತ್ತಿದ್ದ. "ಎಂತ ಮಾರಾಯ, ಆಸ್ಪತ್ರೇಲಿ ನಿನ್ನ ಅತ್ತೆ ಕೂತಿದಾರಾ?" ಎಂದು ಸ್ಟ್ಯಾಂಡಿನವರು ಕಿಚಾಯಿಸಿದರೆ, "ಆ ರಸ್ತೇಲಿ ಟೈರು ತೇಯ್ತದೆ" ಅನ್ನುತ್ತಿದ್ದ. ಗುಂಡಿಯಲ್ಲಿ ತೇಯದ ಟೈರು ಟಾರು ರಸ್ತೆಯಲ್ಲಿ ತೇಯುತ್ತದಂತೆ! ಕೇಳಿದವರು ನಗುತ್ತಿದ್ದರು, ಅವನೂ ನಗುತ್ತಿದ್ದ.

ಇನ್ನೊಂದು ವಿಷಯವೂ ಇತ್ತು, ಅದನ್ನು ನೋಡಿ ಯಾರೂ ನಗುತ್ತಿರಲಿಲ್ಲ. ಹಿಂದಿನ ಸೀಟು ಕಾಣಿಸಲು ಡ್ರೈವರನ ತಲೆಯ ಹತ್ತಿರ ಕನ್ನಡಿ ಇರುತ್ತದಲ್ಲ, ಅದನ್ನು ಅಸಾದುಲ್ಲಾ ಕಾರಿನ ಚಾವಣಿಗೆ ಮುಖ ಮಾಡಿ ತಿರುಗಿಸಿಟ್ಟಿದ್ದ. ಹಿಂದೆ ಯಾರೂ ಕೂತಿರದ ದಿನವೂ ಆ ಸೀಟಿನಿಂದ ಒಂದು ಹೆಂಗಸಿನ ಸ್ವರ ಬರುತ್ತಿತ್ತು. ಕೂಗಾಟವಲ್ಲ, ಬೈಗುಳವಲ್ಲ. ಪಕ್ಕದ ಮನೆಯಲ್ಲಿ ಮಜ್ಜಿಗೆ ಕೇಳುವಷ್ಟು ಸಮಾಧಾನದ ಸ್ವರ. ಅದು ಯಾರದೆಂದು ಅವನಿಗೆ ಗೊತ್ತಿತ್ತು, ಹೆಂಡತಿ ಮಜೀದಾಗೂ ಅವನು ಹೇಳಿರಲಿಲ್ಲ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲೂಕಿನವರ ಮರ್ಯಾದೆಯ ಲೆಕ್ಕವೇ ಬೇರೆ. ಜ್ವರ ಬಂದರೆ ಊರಿಗೆಲ್ಲ ಹೇಳುತ್ತಾರೆ. ಮೂಲವ್ಯಾಧಿಯನ್ನು ಮದುವೆ ಪಂಕ್ತಿಯಲ್ಲಿ ಕೂತು, ಪಾಯಸ ಬಡಿಸುವ ಹೊತ್ತಿಗೆ ಸರಿಯಾಗಿ ವರ್ಣಿಸುತ್ತಾರೆ. ತಲೆಗೆ ಏನಾದರೂ ಆಯಿತೋ, ಬಾಯಿಗೆ ಬೀಗ. ಆಗ ಹೇಳಿ ಕಳಿಸುವುದು ಒಬ್ಬನಿಗೇ, ಅಸಾದುಲ್ಲಾನಿಗೆ.

ಇದು ಶುರುವಾದದ್ದು ಅವನು ಹಳೆ ಅಂಬಾಸಿಡರ್ ಕೊಂಡ ಮರುವರ್ಷ, 1970ರಲ್ಲಿ. ಬಾಳೆಹೊನ್ನೂರಿನ ಕಡೆಯ ಒಂದು ಹುಡುಗಿಯನ್ನು ಶಿವಮೊಗ್ಗದ ಡಾಕ್ಟರ ಹತ್ತಿರ ಕರೆದೊಯ್ಯುವಾಗ ನರಸಿಂಹರಾಜಪುರದಲ್ಲಿ ಟೀ ಕುಡಿಯಲು ಗಾಡಿ ನಿಲ್ಲಿಸಿದ. ಹೋಟೆಲಿನಲ್ಲಿ ಕೂತಿದ್ದವನೊಬ್ಬ ಹುಡುಗಿಯ ಭಾವೀ ಮಾವನ ತಮ್ಮ. ಅವನು ಇಣುಕಿ ನೋಡಿದ, ಮದುವೆ ಮುರಿಯಿತು. ಹುಡುಗಿಯ ಅಪ್ಪ ಸ್ಟ್ಯಾಂಡಿಗೇ ಬಂದು ನಾಲ್ಕು ಜನರ ಎದುರು, "ನೀನು ಒಂದು ಲೋಟ ಟೀ ಕುಡಿಯೂಕೆ ಹೋಗಿ ನನ್ನ ಮಗಳ ಬಾಳು ಕುಡಿದ್ಯಲ್ಲೋ" ಎಂದು ಅತ್ತುಬಿಟ್ಟ. ಅಸಾದುಲ್ಲಾ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೂರನೇ ದಿನ ದಪ್ಪ ಹಸಿರು ಬಟ್ಟೆ ತಂದು ಮಜೀದಾಳ ಕೈಲಿ ಕಾರಿಗೆ ಪರದೆ ಹೊಲಿಸಿದ. ತನಗೆ ತಾನೇ ಒಂದು ಕ್ರಮ ಹಾಕಿಕೊಂಡ. ತಲೆ ಕೆಟ್ಟವರನ್ನು ಕೂರಿಸಿಕೊಂಡರೆ ಮುತ್ತಿನಕೊಪ್ಪ ದಾಟಿ ಕಾಡು ಸಿಗುವ ತನಕ ಗಾಡಿ ನಿಲ್ಲಿಸಬಾರದು. ಟೀಗಿಲ್ಲ, ನೀರಿಗಿಲ್ಲ, ಪೆಟ್ರೋಲಿಗಿಲ್ಲ, ಯಾತಕ್ಕೂ ಇಲ್ಲ. ಅಲ್ಲಿಂದಾಚೆ ಇಣುಕಲು ನೆಂಟರಿಲ್ಲ.

ಆ ಕ್ರಮದಿಂದಲೇ ಅವನಿಗೆ ಹೆಸರು ಬಂತು. ಕಿಗ್ಗದಿಂದ ಬಾಳೆಹೊನ್ನೂರಿನ ತನಕ ದೊಡ್ಡ ಮನೆಗಳವರು ಅವನನ್ನು ನಂಬಿದರು. ಹಗ್ಗದಲ್ಲಿ ಕಟ್ಟಿದರೆ ಮೈ ಕೆಂಪಾಗುತ್ತದೆ ಎಂದು ಹಳೇ ಪಂಚೆಯಲ್ಲಿ ಕೈ ಕಟ್ಟುವುದನ್ನು ಕಂಡುಹಿಡಿದವನೂ ಅವನೇ. ಯಾರ ಮನೆ, ಯಾರ ಮಗಳು ಎಂಬ ಮಾತು ಅವನ ಹಲ್ಲಿನಿಂದ ಆಚೆ ಬರುತ್ತಿರಲಿಲ್ಲ. ತಾನು ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂದು ಅವನಿಗೆ ಹೆಮ್ಮೆಯೂ ಇತ್ತು, ಸುಳ್ಳು ಹೇಳಬಾರದು.

1974ರ ಫೆಬ್ರವರಿಯಲ್ಲಿ ಕಿಗ್ಗದ ರಸ್ತೆಯ ಗಣಪಯ್ಯನವರ ಮನೆಯಿಂದ ಕರೆ ಬಂತು. ಗಣಪಯ್ಯನವರು ಜಮೀನುದಾರರು, ನಾಲ್ಕು ಊರಿಗೆ ಬೇಕಾದವರು. ಅವರ ಹೆಂಡತಿ ವಸಂತಮ್ಮ, ಎರಡನೇ ಮಗು ಹುಟ್ಟಿದ ವಾರಕ್ಕೇ ತೀರಿಹೋದ ಮೇಲೆ ಗೋಡೆಗೆ ಮುಖ ಮಾಡಿ ಕೂತವರು ಸರಿಯಾಗಿ ಎದ್ದಿರಲಿಲ್ಲ. ಅವತ್ತು ಬೆಳಿಗ್ಗೆ ಇದ್ದಕ್ಕಿದ್ದಂತೆ ಅಂಗಳದಲ್ಲಿ ಹೊರಳಾಡಿ, ಕಿರುಚಿ, ಹತ್ತಿರ ಬಂದವರನ್ನು ಪರಚಿದರಂತೆ. ನೆತ್ತಿಗೇರಿತು ಎಂದರು ಮನೆಯವರು. ಅಸಾದುಲ್ಲಾ ಹೋದ, ಪಂಚೆಯಲ್ಲಿ ಆಕೆಯ ಕೈ ಕಟ್ಟಿದ, ಹಿಂದೆ ಕೂರಿಸಿದ. ಪಕ್ಕದಲ್ಲಿ ಗಣಪಯ್ಯನವರ ಅಕ್ಕ ವೆಂಕಮ್ಮ, ಮುಂದೆ ಗಣಪಯ್ಯನವರು. ಒಂಬತ್ತು ವರ್ಷದ ಮಗಳು ಅನ್ನಪೂರ್ಣೇಶ್ವರಿ ಜಗಲಿಯ ಕಂಬ ಹಿಡಿದುಕೊಂಡು ಎಲ್ಲವನ್ನೂ ನೋಡುತ್ತಿದ್ದಳು.

ಕೊಪ್ಪ ಬಂತು. ಪರದೆಯ ಸಂದಿಯಲ್ಲಿ ಆಸ್ಪತ್ರೆಯ ಬೋರ್ಡು ಕಂಡಿರಬೇಕು, ವಸಂತಮ್ಮನ ನರಳಾಟ ನಿಂತಿತು. ಸಮಾಧಾನದ ಸ್ವರದಲ್ಲಿ ಆಕೆ ಹೇಳಿದರು: "ಸಾಬ್ರೇ, ಆಸ್ಪತ್ರೆ ಬಂತು, ನಿಲ್ಸಿ. ತೋಟಕ್ಕೆ ಹೊಡೆಯೋ ಮೈಲುತುತ್ತ ತಿಂದ್ಬಿಟ್ಟಿದೀನಿ. ಬುದ್ಧಿ ಇಲ್ದೆ ತಿಂದೆ. ನಂಗೆ ಬದುಕ್ಬೇಕು."

ಅಸಾದುಲ್ಲಾ ಕನ್ನಡಿಯಲ್ಲಿ ನೋಡಿದ. ವೆಂಕಮ್ಮ ಆಕೆಯ ಬಾಯಿ ಒರೆಸುತ್ತಿದ್ದರು. ಬಿಳಿ ಟವೆಲು ನೀಲಿಯಾಗಿತ್ತು. ಅವನ ಕಾಲು ಬ್ರೇಕಿಗೆ ಹೋಯಿತು, ಗಾಡಿ ನಿಧಾನವಾಯಿತು.

"ತಲೆ ಸರಿ ಇಲ್ದವಳ ಮಾತು ಕೇಳಿ ನಿಲ್ಸ್ತೀಯಾ?" ಎಂದರು ಗಣಪಯ್ಯನವರು, ಹಿಂದೆ ತಿರುಗದೆ. "ಇವತ್ತು ಸಂತೆ ಮಾರಾಯ, ನಮ್ಮ ನೆಂಟರಿಷ್ಟರೆಲ್ಲ ಪೇಟೇಲಿದಾರೆ. ನಿಲ್ಸೂದಿಲ್ಲ ಅನ್ನೂದು ನಿಂದೇ ಕ್ರಮ ಅಲ್ದಾ? ಬಿಡು ಗಾಡಿ."

ಅವನು ಬಿಟ್ಟ. ನರಸಿಂಹರಾಜಪುರದ ಆಸ್ಪತ್ರೆಯ ಎದುರು ಆಕೆ ಮತ್ತೆ ಅದೇ ಮಾತು ಹೇಳಿದರು, ಈ ಸಲ ಸಣ್ಣದಾಗಿ. ಮುತ್ತಿನಕೊಪ್ಪದ ಹತ್ತಿರ ಮೂರನೇ ಸಲ, ಬರೀ ತುಟಿಯಲ್ಲಿ. ಕಾಡು ಸಿಕ್ಕಿತು, ಕ್ರಮದ ಪ್ರಕಾರ ಅವನು ಗಾಡಿ ನಿಲ್ಲಿಸಿ ನೀರು ಹಿಡಿದ. ನೀರು ಒಳಗೆ ಹೋಗಲಿಲ್ಲ. ಅರ್ಧ ಗಂಟೆಯೊಳಗೆ ವಸಂತಮ್ಮ ಅಲ್ಲೇ ಹೋಗಿಬಿಟ್ಟರು. ಗಣಪಯ್ಯನವರು ಮರಕ್ಕೆ ಹಣೆ ಒತ್ತಿ ಬಹಳ ಹೊತ್ತು ನಿಂತಿದ್ದರು. ಆಮೇಲೆ ಬಂದು, "ತಿರುಗ್ಸು. ಈ ಮಾತು ಕಾರಿಂದ ಕೆಳಗೆ ಇಳೀಬಾರ್ದು" ಅಂದರು. ಬಂದ ದಾರಿಯಲ್ಲೇ, ಅದೇ ಎರಡು ಆಸ್ಪತ್ರೆಗಳ ಎದುರಿನಿಂದಲೇ, ಪರದೆ ಎಳೆದುಕೊಂಡು, ಅಸಾದುಲ್ಲಾ ಹೆಣವನ್ನು ವಾಪಸು ತಂದ. ತಲೆ ಕೆಟ್ಟು ಸತ್ತಳು ಎಂದು ಊರಿಗೆ ಹೇಳಿಯಾಯಿತು.

ಮಜೀದಾ ಸೀಟು ಉಜ್ಜುವಾಗ, "ಇದೆಂತ ಬಣ್ಣ? ಎಷ್ಟು ತಿಕ್ಕಿದ್ರೂ ಹೋಗೂದಿಲ್ಲ" ಎಂದು ಕೇಳಿದಳು. ಯಾರೋ ಇಂಕು ಚೆಲ್ಲಿದರು ಎಂದ. ಕನ್ನಡಿ ಮೇಲಕ್ಕೆ ತಿರುಗಿದ್ದು ಅವತ್ತು. ಆದರೂ ಅವನು ಆ ಕೆಲಸ ಬಿಡಲಿಲ್ಲ, ಕ್ರಮವನ್ನೂ ಬಿಡಲಿಲ್ಲ. ಬಿಟ್ಟರೆ, ಕ್ರಮ ತಪ್ಪಾಗಿತ್ತು ಎಂದು ಒಪ್ಪಿದ ಹಾಗಾಗುತ್ತದೆ. ಕ್ರಮ ತಪ್ಪು ಎಂದಾದರೆ ಆ ತಾಯಿಯನ್ನು ಕೊಂದವನು ತಾನೇ ಆಗುತ್ತಾನೆ. ಇಷ್ಟು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಗೊತ್ತಿದ್ದೂ ಏಳು ವರ್ಷ ಓಡಿಸಿದ.

1981ರಲ್ಲಿ ಬೆಂಗಳೂರಿನಿಂದ ಡಾಕ್ಟರ್ ತ್ರಿಪುರಸುಂದರಿ ಬಂದರು. ಐವತ್ತು ದಾಟಿದ, ಕಾಲಿಗೆ ಗಂಡಸರ ಬೂಟು ಹಾಕಿಕೊಂಡು ದಬದಬ ನಡೆಯುವ ಹೆಂಗಸು. ಅವರ ಚೀಲದಲ್ಲಿ ಒಂದು ದಪ್ಪ ಯೋಜನೆ ಇತ್ತು. ರಾಜ್ಯದ ಹತ್ತೊಂಬತ್ತು ಜಿಲ್ಲೆಗಳಲ್ಲಿ ಯಾವ ಹಳ್ಳಿಯಲ್ಲಿ ಯಾರ ಮನಸ್ಸು ಕೈ ತಪ್ಪಿದರೂ, ಯಾರು ಜೀವ ಕಳೆದುಕೊಳ್ಳಲು ಹೊರಟರೂ, ಒಂದು ಫೋನಿಗೆ ಒಂದು ಗಾಡಿ, ಗಾಡಿಯಲ್ಲಿ ಕಲಿತವರೊಬ್ಬರು ಹೊರಡಬೇಕು. ಬೆಂಕಿಗೆ ಫೈರ್ ಇಂಜಿನ್ ಇದ್ದ ಹಾಗೆ. ಇಡೀ ರಾಜ್ಯಕ್ಕೆ ಮಾಡುವ ಮೊದಲು ಒಂದು ಕಡೆ ಮಾಡಿ ತೋರಿಸಿ ಎಂದು ಮೇಲಿನವರು ಹೇಳಿದ್ದರು. ಅವರು ಆರಿಸಿಕೊಂಡದ್ದು ಈ ಮೂರು ತಾಲೂಕುಗಳನ್ನು.

ತಾಲೂಕು ಕಚೇರಿಯಲ್ಲಿ ಸಭೆ ಆಯಿತು. ಆಸ್ಪತ್ರೆಗಳ ರಿಜಿಸ್ಟರು ತೆಗೆಸಿ ನೋಡಿದರೆ ಮೂರು ವರ್ಷದಲ್ಲಿ ಇಂಥ ಒಬ್ಬ ರೋಗಿಯೂ ಬಾಗಿಲಿಗೆ ಬಂದಿಲ್ಲ. "ನಮ್ಮ ಕಡೆಯೋರದ್ದು ತಲೆ ಗಟ್ಟಿ ಮೇಡಂ" ಎಂದು ಒಬ್ಬರು ಅಂದರು, ಎಲ್ಲರೂ ನಕ್ಕರು. ಡಾಕ್ಟರು ನಗಲಿಲ್ಲ.

ಕೊಡುತ್ತೇವೆ ಎಂದಿದ್ದ ಜೀಪು ಬಾರದೆ, ಓಡಾಡಲು ಅಸಾದುಲ್ಲಾನ ಕಾರನ್ನು ಗೊತ್ತು ಮಾಡಿಕೊಟ್ಟಿದ್ದರು. ಅವರು ಮುಂದಿನ ಸೀಟಿನಲ್ಲೇ ಕೂರುತ್ತಿದ್ದರು. ಮೂರನೇ ದಿನ ಹರಿಹರಪುರದ ಹತ್ತಿರ, "ಅಸಾದುಲ್ಲಾ, ಬಾಡಿಗೆ ಕಾರಿಗೆ ಇಷ್ಟು ದಪ್ಪ ಪರದೆ ಯಾಕ್ರೀ?" ಎಂದು ಕೇಳಿದರು.

"ಧೂಳು ಮೇಡಂ."

"ಬೆಂಗಳೂರಲ್ಲಿ ನನ್ನ ವಾರ್ಡಿಗೆ ಎರಡು ವರ್ಷದಲ್ಲಿ ನಿಮ್ಮ ಕಡೆಯೋರು ಆರು ಜನ ಬಂದರು. ಕೈ ಮೇಲೆ ಬಟ್ಟೆ ಕಟ್ಟಿದ ಗುರುತು. ಅವರನ್ನೇನು ಗಾಳಿ ಹೊತ್ಕೊಂಡು ಬಂತಾ?"

ಅವನು ಗಾಡಿಯನ್ನು ಬದಿಗೆ ನಿಲ್ಲಿಸಿದ. ಹನ್ನೊಂದು ವರ್ಷದಿಂದ ಮುಚ್ಚಿಟ್ಟದ್ದು ಒಂದೇ ಉಸಿರಿಗೆ ಬಂತು. ಪರದೆ, ಪಂಚೆ, ಮುತ್ತಿನಕೊಪ್ಪದ ಕ್ರಮ, ನಲವತ್ತೊಂದು ಜನ. ಹೆಸರು ಒಂದೂ ಹೇಳಲಿಲ್ಲ. ವಸಂತಮ್ಮನ ಸಾವನ್ನೂ ಹೇಳಲಿಲ್ಲ.

"ನಲವತ್ತೊಂದು!" ಡಾಕ್ಟರು ಹಣೆ ಚಚ್ಚಿಕೊಂಡರು. "ಸಭೇಲಿ ಕೂತು ನಾನು ಸೊನ್ನೆ ಬರ್ಕೊಂಡೆನಲ್ರೀ! ಈಗ ನೀವೇ ಹೇಳಿ. ಜನ ಇಲ್ಲಿನ ಆಸ್ಪತ್ರೆಗೆ ಬರೋದಕ್ಕೆ ಮೊದಲು ಏನಾಗಬೇಕು?"

"ಹಿಂದಿನ ಓಣಿ ಕಡೆಗೆ ಒಂದು ಗೇಟು ಇಡಿಸಿ ಮೇಡಂ."

"ಕದ್ದು ಬರೋದಕ್ಕಾ? ಇದರಲ್ಲಿ ನಾಚಿಕೆ ಏನಿದೆ ಅಂತ ಜನಕ್ಕೆ ಹೇಳೋಕೆ ನಾನು ಬಂದಿರೋದು."

"ನೀವು ನಾಚಿಕೆ ಬಿಡ್ಸೋ ತನಕ ಜನ ಉಳ್ಕೊಂಡಿರ್ಬೇಕಲ್ಲ ಮೇಡಂ" ಎಂದ ಅಸಾದುಲ್ಲಾ. ಡಾಕ್ಟರು ಅವನ ಮುಖ ನೋಡಿದರು, ಪುಸ್ತಕ ತೆಗೆದು ಬರೆದುಕೊಂಡರು.

ಗೇಟು ಬಂತು. ಅಂಚೆ ಕಚೇರಿಗಳಲ್ಲಿ ಫೋನ್ ಇದ್ದ ಊರಿನ ಪೋಸ್ಟ್‌ಮಾಸ್ಟರುಗಳಿಗೆಲ್ಲ ತಿಳಿಸಿಯಾಯಿತು. ಯಾರಾದರೂ ಬಂದು ಬೇಗ ಗಾಡಿ ಬೇಕು ಅಂದರೆ ಹೆಸರು ಕೇಳಬೇಡಿ, ಮನೆಯ ದಾರಿ ಮಾತ್ರ ಕೇಳಿ. ಎಕ್ಸ್‌ಚೇಂಜಿನವರು ಆ ಕರೆಯನ್ನು ಉಳಿದೆಲ್ಲದಕ್ಕಿಂತ ಮುಂಚೆ ಕೊಪ್ಪದ ಆಸ್ಪತ್ರೆಗೆ ಕೊಡಬೇಕು. ಅಲ್ಲಿಂದ ನರ್ಸ್ ಗುಡ್ಡಮ್ಮ ಮತ್ತು ಅಸಾದುಲ್ಲಾ ಹೊರಡಬೇಕು. ಜೀಪು ಕೊನೆಗೂ ಬರಲೇ ಇಲ್ಲ, ಅವನ ಕಾರೇ ಗಟ್ಟಿಯಾಯಿತು. ಪರದೆ ಮಾತ್ರ ಡಾಕ್ಟರು ತಾವೇ ನಿಂತು ಕಿತ್ತು ಹಾಕಿಸಿದರು.

ಆರು ಭಾನುವಾರ ಶಾಲೆಯ ಕೊಠಡಿಯಲ್ಲಿ ಪಾಠ ನಡೆಯಿತು. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಎದೆಗೆ ತಾಗಿಸಿಕೊಂಡು ಕೂತ ಪೋಸ್ಟ್‌ಮಾಸ್ಟರುಗಳ ನಡುವೆ ಅಸಾದುಲ್ಲಾನೂ ಕೂತ. ಕಟ್ಟಬೇಡಿ ಎಂದರು ಡಾಕ್ಟರು. ಸುಳ್ಳು ಹೇಳಬೇಡಿ, ಎಲ್ಲ ಸರಿಹೋಗ್ತದೆ ಅನ್ನಬೇಡಿ, ಅದು ನಿಮಗೆ ಗೊತ್ತಿಲ್ಲ. ಸಾಯಬೇಕು ಅನಿಸ್ತಿದೆಯಾ ಅಂತ ನೇರವಾಗಿ ಕೇಳಿ, ಕೇಳಿದ್ದರಿಂದ ಯಾರೂ ಸಾಯುವುದಿಲ್ಲ. ಐದನೇ ಭಾನುವಾರ ಅವರು ಹೇಳಿದ್ದು ವಿಷದ ಬಗ್ಗೆ. "ತಲೆ ಕೆಟ್ಟೋರಾಗಲಿ, ಯಾರೇ ಆಗಲಿ, ಏನೋ ತಿಂದಿದೀನಿ ಅಂದರೆ ನಂಬಿ. ಹತ್ತಿರದ ಆಸ್ಪತ್ರೆಗೆ ನುಗ್ಗಿ, ಯಾವುದಾದರೂ ಸರಿ. ಮೊದಲ ಒಂದೆರಡು ಗಂಟೆಯಲ್ಲಿ ಹೊಟ್ಟೆ ತೊಳೆದರೆ ಎಷ್ಟೋ ಜನ ಉಳೀತಾರೆ."

ಅಸಾದುಲ್ಲಾ ಎದ್ದು ಹೊರಗೆ ಹೋದ. ನಲ್ಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ವಾಂತಿ ಮಾಡಿದ. "ಎಂತ ಆಯ್ತು?" ಎಂದು ಗುಡ್ಡಮ್ಮ ಓಡಿಬಂದರೆ, "ಪಿತ್ತ" ಅಂದ.

ಮೊದಲ ಮೂರು ತಿಂಗಳು ಒಂದು ಕರೆಯೂ ಬರಲಿಲ್ಲ, ಸಭೆಯ ಗಟ್ಟಿ ತಲೆಯವರು ಮೀಸೆಯಲ್ಲೇ ನಕ್ಕರು. ಆಮೇಲೆ ಕೆರೆಕಟ್ಟೆಯಿಂದ ಒಂದು ಬಂತು, ನರಸಿಂಹರಾಜಪುರದಿಂದ ಎರಡು. ಜನ ಅದಕ್ಕೆ ಫೋನ್ ಕಾರು ಎಂದು ಹೆಸರಿಟ್ಟರು. ಎರಡು ವರ್ಷ ತುಂಬುವ ಹೊತ್ತಿಗೆ ಅರವತ್ತಮೂರು ಜನರನ್ನು ಅವನೂ ಗುಡ್ಡಮ್ಮನೂ ಕರೆತಂದಿದ್ದರು, ಒಬ್ಬರ ಕೈಯನ್ನೂ ಕಟ್ಟದೆ. ಹತ್ತೊಂಬತ್ತು ಜಿಲ್ಲೆಗಳ ಫೈಲು ಬೆಂಗಳೂರಿನಲ್ಲಿ ಮೇಜಿನಿಂದ ಮೇಜಿಗೆ ಹೋಗುತ್ತಿದೆ, ಇನ್ನೊಂದು ವರ್ಷ ತಡೆಯಿರಿ ಎಂದು ಡಾಕ್ಟರು ಕಾಗದ ಬರೆಯುತ್ತಿದ್ದರು. ಅರವತ್ತಮೂರು ಜನ ಉಳಿದರೂ ಹಿಂದಿನ ಸೀಟಿನ ಸ್ವರ ಮಾತ್ರ ಸುಮ್ಮನಾಗಲಿಲ್ಲ. ಗುಡ್ಡಮ್ಮ ಅದೇ ಸೀಟಿನಲ್ಲಿ ಕೂತು ಎಲೆಅಡಿಕೆ ಮೆಲ್ಲುತ್ತಾ ಮಾತಾಡುತ್ತಿರುವಾಗಲೂ, ಅವಳ ಮಾತಿನ ಕೆಳಗೆ ಅವನಿಗೆ ಅದು ಕೇಳುತ್ತಿತ್ತು.

1983ರ ಮಾರ್ಚಿನಲ್ಲಿ, ಬೆಳಿಗ್ಗೆ ಒಂಬತ್ತೂವರೆಗೆ ಕಿಗ್ಗದ ಪೋಸ್ಟ್‌ಮಾಸ್ಟರು ಫೋನ್ ಮಾಡಿದರು. ಹೆಸರು ಹೇಳಬಾರದಲ್ಲ, ದಾರಿ ಹೇಳಿದರು. ಅರಳಿಕಟ್ಟೆ ದಾಟಿ ಎಡಕ್ಕೆ, ಮೋರಿ, ಕೆಂಪು ಗೇಟಿನ ಮನೆ. ಹುಡುಗಿಯೊಬ್ಬಳು ಬಾಗಿಲು ಹಾಕಿಕೊಂಡಿದ್ದಾಳೆ. ಅಸಾದುಲ್ಲಾ ರಿಸೀವರ್ ಇಟ್ಟ ಮೇಲೂ ಅದರ ಮೇಲಿಂದ ಕೈ ತೆಗೆಯಲಿಲ್ಲ.

"ಎಂತ ಮಾರಾಯ, ದೆವ್ವ ಕಂಡ ಹಾಗೆ ನಿಂತೆ? ಹೊರಡು" ಎಂದಳು ಗುಡ್ಡಮ್ಮ.

"ಗುಡ್ಡಮ್ಮಾ, ಈ ಮನೆಗೆ ಬೇರೆ ಗಾಡಿ ಮಾಡ್ಕೊಂಡು ಹೋಗ್ತೀಯಾ?"

"ಬೇರೆ ಗಾಡಿ ಎಲ್ಲಿ ಸಿಕ್ತದೆ ಈಗ? ನಡಿ, ನಡಿ!"

ಶೃಂಗೇರಿ ದಾಟಿದ ಮೇಲೆ, ಆ ಮನೆಯ ತಾಯಿಯನ್ನು ಒಂಬತ್ತು ವರ್ಷದ ಹಿಂದೆ ಶಿವಮೊಗ್ಗಕ್ಕೆಂದು ಕರೆದುಕೊಂಡು ಹೋದವನು ನಾನೇ, ಆಕೆ ವಾಪಸು ಬರಲಿಲ್ಲ ಎಂದಷ್ಟೇ ಹೇಳಿದ. ಗುಡ್ಡಮ್ಮ ಎಲೆಅಡಿಕೆ ಉಗಿದಳು.

ಗಣಪಯ್ಯನವರು ಗೇಟಿನಲ್ಲೇ ನಿಂತಿದ್ದರು. ಕೂದಲು ಪೂರಾ ಬೆಳ್ಳಗಾಗಿತ್ತು. ಹಿಂದಿನ ದಿನ ತೀರ್ಥಹಳ್ಳಿಯ ವರನ ಕಡೆಯವರು ಹೇಳಿ ಕಳಿಸಿದ್ದರು: ತಾಯಿಗೆ ಬಂದದ್ದು ಮಗಳಿಗೂ ಬರುತ್ತದೆ, ಈ ಸಂಬಂಧ ಬೇಡ. ಮೂರನೇ ಸಂಬಂಧ ಹೀಗೆ ಮುರಿದದ್ದು. ಬೆಳಿಗ್ಗೆ ಎದ್ದ ಅನ್ನಪೂರ್ಣೇಶ್ವರಿ ಉಗ್ರಾಣಕ್ಕೆ ಹೋಗಿ ಒಳಗಿನಿಂದ ಅಗಳಿ ಹಾಕಿಕೊಂಡಿದ್ದಳು. ಉಗ್ರಾಣದಲ್ಲಿ ಏನೇನು ಇರುತ್ತದೆ ಎಂದು ತೋಟದ ಮನೆಯವರಿಗೆ ಹೇಳಿಕೊಡಬೇಕಾಗಿಲ್ಲ. "ಪಂಚೆ ತಂದಿದೀಯಾ ಅಸಾದುಲ್ಲಾ?" ಎಂದು ಗಣಪಯ್ಯನವರು ಕೇಳಿದರು.

"ಈಗ ಕಟ್ಟೂದಿಲ್ಲ ಅಯ್ಯ."

ಗುಡ್ಡಮ್ಮ ಬಾಗಿಲ ಹತ್ತಿರ ಕೂತು ಕರೆದಳು, ಕಲಿತದ್ದನ್ನೆಲ್ಲ ಕೇಳಿದಳು. ಒಳಗಿನಿಂದ ಉತ್ತರವಿಲ್ಲ. "ಕೂಸೇ, ಬಾಗ್ಲು ತೆಗಿಯೇ" ಎಂದು ಗಣಪಯ್ಯನವರು ಬೇಡಿಕೊಂಡರೂ ಇಲ್ಲ. ಬಾಗಿಲು ಒಡೆಯೋಣ ಎಂದು ಆಳುಗಳು ಹಾರೆ ತಂದಾಗ ಮಾತ್ರ, "ಒಡೆದ್ರೆ ಎಲ್ಲ ಮುಗಿಸ್ಬಿಡ್ತೆ" ಎಂಬ ಮಾತು ಬಂತು. ಆಮೇಲೆ, "ಹೊರಗೆ ಕಾರು ಬಂತಲ್ಲ, ಯಾರು?"

ಅಸಾದುಲ್ಲಾ ಬಾಗಿಲ ಹತ್ತಿರ ಹೋದ. "ಕೊಪ್ಪದ ಅಸಾದುಲ್ಲಾ, ಅಮ್ಮ."

ಒಳಗೆ ಏನೋ ಸರಿದ ಸದ್ದಾಯಿತು. ಸ್ವರ ಬಾಗಿಲಿಗೆ ಹತ್ತಿರ ಬಂತು. "ನಮ್ಮಮ್ಮನ ಕೈ ಕಟ್ಟಿದ ಸಾಬ್ರಾ?"

"ಹೌದು. ನಾನೇ."

"ಅಮ್ಮ ಕಾರಲ್ಲಿ ಎಂತ ಹೇಳಿದ್ಲು? ಇಲ್ಲಿ ಯಾರೂ ನಂಗೆ ಹೇಳೂದಿಲ್ಲ. ಹುಚ್ಚು ಹಿಡಿದು ಹೋದ್ಲು ಅಂತಾರೆ. ಹುಚ್ಚು ಹಿಡಿದೋರು ಕೊನೇಗೆ ಎಂತ ಹೇಳ್ತಾರೆ, ನಂಗೆ ಗೊತ್ತಾಗ್ಬೇಕು."

ಅಸಾದುಲ್ಲಾ ಹಿಂದೆ ನೋಡಿದ. ಗಣಪಯ್ಯನವರು ಎರಡೂ ಕೈ ಜೋಡಿಸಿಕೊಂಡು ಬೇಡ, ಬೇಡ ಎಂದು ತಲೆ ಆಡಿಸುತ್ತಿದ್ದರು. ಆ ಮನುಷ್ಯನ ಮೇಲೆ ಅವನಿಗೆ ಸಿಟ್ಟಿರಲಿಲ್ಲ, ಅಯ್ಯೋ ಅನಿಸಿತು. ಕಾರಿಂದ ಇಳಿಯಬಾರದು ಎಂದಿದ್ದ ಮಾತನ್ನು ಅವರೂ ಒಂಬತ್ತು ವರ್ಷ ಹೊತ್ತಿದ್ದರು. ಆದರೆ ಹುಡುಗಿ ಕೇಳಿದ್ದು ಅವನನ್ನು.

"ಹುಚ್ಚು ಅಲ್ಲಮ್ಮ" ಎಂದ. "ಅವ್ರು ಮೈಲುತುತ್ತ ತಿಂದಿದ್ರು. ಹೊರಳಾಡಿದ್ದು ಹೊಟ್ಟೆ ಉರಿಗೆ. ಕೊಪ್ಪದ ಆಸ್ಪತ್ರೆ ಹತ್ರ, ಸಾಬ್ರೇ ನಿಲ್ಸಿ, ನಂಗೆ ಬದುಕ್ಬೇಕು ಅಂದ್ರು. ನರಸಿಂಹರಾಜಪುರದಲ್ಲೂ ಅಂದ್ರು. ಮುತ್ತಿನಕೊಪ್ಪದಲ್ಲೂ ಅಂದ್ರು."

"ಬದುಕ್ಬೇಕು ಅಂದ್ಲಾ?"

"ಮೂರು ಸಲ."

"ನೀವು ನಿಲ್ಸ್ಲಿಲ್ಲ."

"ನಿಲ್ಸ್ಲಿಲ್ಲಮ್ಮ. ಯಾರಾದ್ರೂ ನೋಡ್ತಾರೆ ಅಂತ."

ಗಣಪಯ್ಯನವರು ಗೋಡೆ ಹಿಡಿದುಕೊಂಡು ಕೆಳಗೆ ಕೂತರು. ಒಳಗಿನಿಂದ ಅಳು ಬಂತು, ಮೊದಲು ಮೆಲ್ಲಗೆ, ಆಮೇಲೆ ದೊಡ್ಡದಾಗಿ. ಅಗಳಿ ಸರಿಯಿತು. ಹದಿನೆಂಟು ವರ್ಷದ ಅನ್ನಪೂರ್ಣೇಶ್ವರಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವಳ ತುಟಿ ನೀಲಿಯಾಗಿತ್ತು.

"ನಾನು ಆಗ್ಲೇ ತಿಂದಾಯ್ತು" ಎಂದಳು. "ಈಗ ಎಂತ ಮಾಡೂದು, ಸಾಬ್ರೇ?"

ಆಮೇಲೆ ಯಾರು ಏನು ಮಾಡಿದರು ಎಂದು ಯಾರಿಗೂ ನೆನಪಿಲ್ಲ. ಗುಡ್ಡಮ್ಮ ಹಾಲು ತನ್ನಿ ಎಂದು ಕೂಗಿ ಲೋಟವನ್ನು ಅವಳ ಬಾಯಿಗೆ ಹಿಡಿದಳು. ಅಸಾದುಲ್ಲಾ ಅವಳನ್ನು ಎತ್ತಿ ಹಿಂದಿನ ಸೀಟಿಗೆ ಹಾಕಿದ. ಗಣಪಯ್ಯನವರು ಓಡಿಬಂದು ಮುಂದೆ ಹತ್ತಿದರು. ಶೃಂಗೇರಿಯ ತಿರುವಿನಲ್ಲಿ ಅವರು ಅಸಾದುಲ್ಲಾನ ತೋಳು ಹಿಡಿದರು. "ಇಲ್ಲಿ ಬೇಡ ಮಾರಾಯ. ಇಲ್ಲಿ ಎಲ್ಲ ನಮ್ಮೋರೇ. ಕೊಪ್ಪಕ್ಕೆ ಬಿಡು, ಅಲ್ಲಿ ಹಿಂದಿನ ಗೇಟು ಇದೆ ಅಲ್ದಾ?"

ಆ ಗೇಟನ್ನು ಇಡಿಸಿದವನೇ ಅವನು. "ಕೊಪ್ಪ ಮುಟ್ಟೂದ್ರೊಳಗೆ ಹೆಣ ಆಗ್ತದೆ ಅಯ್ಯ, ಇನ್ನೊಂದು ಹೆಣ ಹೊರೂಕೆ ನಂಗೆ ಆಗೂದಿಲ್ಲ" ಎಂದು ಕೂಗಿ ಹಾರನ್ನಿನ ಮೇಲೆ ಕೈಯಿಟ್ಟವನು ತೆಗೆಯಲಿಲ್ಲ. ಹನ್ನೊಂದು ಗಂಟೆಯ ಹೊತ್ತು, ಶೃಂಗೇರಿಯ ಪೇಟೆ ಬೀದಿ ಯಾತ್ರಿಕರಿಂದ ತುಂಬಿತ್ತು. ಅಂಗಡಿಯವರು ಕಟ್ಟೆ ಇಳಿದು ಬಂದು ನೋಡಿದರು. ಪರದೆಯಿಲ್ಲದ ಕಾರು ಆಸ್ಪತ್ರೆಯ ಮುಂಬಾಗಿಲಿಗೇ ಹೋಗಿ ನಿಂತಿತು. ಸುತ್ತ ಜನ ಮುತ್ತಿಕೊಂಡರು. ಗಣಪಯ್ಯನವರಿಗೆ ಏನನ್ನಿಸಿತೋ, ಬಾಗಿಲು ತೆಗೆದು ಇಳಿದರು. ಮಗಳನ್ನು ತಾವೇ ಎರಡೂ ಕೈಯಲ್ಲಿ ಎತ್ತಿಕೊಂಡರು. "ದಾರಿ ಬಿಡಿ! ನನ್ನ ಮಗಳು ವಿಷ ತಿಂದಿದಾಳೆ, ದಾರಿ ಬಿಡಿ!" ಎಂದು ಊರಿಗೆಲ್ಲ ಕೇಳುವ ಹಾಗೆ ಕಿರುಚುತ್ತಾ ಒಳಗೆ ಓಡಿದರು.

ಹೊಟ್ಟೆ ತೊಳೆದರು. ಎರಡು ದಿನ ಹೇಳಲಾಗುವುದಿಲ್ಲ ಎಂದರು, ಮೂರನೆಯ ದಿನ ಉಳಿದಳು ಎಂದರು. ಸುದ್ದಿ ತಿಳಿದು ಡಾಕ್ಟರ್ ತ್ರಿಪುರಸುಂದರಿ ಬೆಂಗಳೂರಿನಿಂದ ಹೊರಟರಂತೆ. ಅಸಾದುಲ್ಲಾ ಆ ಮೂರನೆಯ ದಿನ ಮಧ್ಯಾಹ್ನ ಆಸ್ಪತ್ರೆಗೆ ಹೋದ. ಹೋಗಬಾರದು ಎಂದುಕೊಂಡೇ ಹೋದ. ಬೆಂಚಿನ ಮೇಲಿದ್ದ ಗಣಪಯ್ಯನವರು ಅವನನ್ನು ನೋಡಿ ಸ್ವಲ್ಪ ಸರಿದು ಜಾಗ ಮಾಡಿದರು. ಅವನು ಒಳಗೆ ಹೋದ.

ಅನ್ನಪೂರ್ಣೇಶ್ವರಿ ಕಣ್ಣು ಮುಚ್ಚಿ ಮಲಗಿದ್ದಳು. ಚಪ್ಪಲಿ ಸದ್ದಿಗೆ ಕಣ್ಣು ಬಿಟ್ಟಳು. ಬೈಯುತ್ತಾಳೆ ಎಂದುಕೊಂಡಿದ್ದ. ಬೈದರೆ ಒಳ್ಳೆಯದು ಎಂದೂ ಅಂದುಕೊಂಡಿದ್ದ.

"ಅಮ್ಮ ಸಾಯೂಕೆ ಇಷ್ಟಪಟ್ಟು ಹೋದ್ಲು, ನನ್ನನ್ನ ಬಿಟ್ಟು ಹೋಗೂದು ಅವ್ಳಿಗೆ ಎಂತದೂ ಅನಿಸ್ಲಿಲ್ಲ ಅಂತ ತಿಳ್ಕೊಂಡಿದ್ದೆ" ಎಂದಳು. ಟ್ಯೂಬು ಹಾಕಿದ ಗಂಟಲು ಒಡೆದಿತ್ತು, ಒಂದೊಂದೇ ಮಾತು ಬರುತ್ತಿತ್ತು. "ಮೂರು ಸಲ ಬದುಕ್ಬೇಕು ಅಂದ್ಲು ಅಂತ ನೀವು ಮೊದ್ಲೇ ಒಂದು ಸಲ ಬಂದು ಹೇಳಿದ್ರೆ, ನಾನು ಆ ಡಬ್ಬಿ ಮುಟ್ತಾ ಇರ್ಲಿಲ್ಲ, ಸಾಬ್ರೇ. ಒಂಬತ್ತು ವರ್ಷ ಇತ್ತಲ್ಲ ನಿಮ್ಗೆ?"

ಅಸಾದುಲ್ಲಾ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಮಂಚದ ಪಕ್ಕ ನಿಂತೇ ಇದ್ದ. ಕೂತ್ಕೊಳ್ಳಿ ಅಂತ ಅವಳು ಹೇಳಲಿಲ್ಲ.